ಡೆಕ್ಕಿಗೆ ಬರೆ ಎಳೆದವರು ಯಾರು?

"ಇಪ್ಪತ್ತೈದು ವರ್ಷ! ಬರೆದಿಟ್ಕೊಳ್ಳಿ! ಇನ್ನು ಇಪ್ಪತ್ತೈದು ವರ್ಷ ಈ ಡೆಕ್ ಮೇಲೆ ಒಂದೇ ಒಂದು ಗೀರು ಬೀಳೋಕೂ ನಾನು ಬಿಡಲ್ಲ!"

ಮರುಭೂಮಿಯ ನಡುವಿನ ಟೂಸಾನ್ ಊರಿನ ಎಲಾಡಿಯೊ ಬಾರ್ರಾಗಾನ್ ಮೇ ತಿಂಗಳ ಒಂದು ಭಾನುವಾರ ಮೆತ್ತನೆಯ ಬ್ರಷ್ಷೊಂದನ್ನು ಕತ್ತಿಯ ಹಾಗೆ ಎತ್ತಿ ಹಿಡಿದು ಹೀಗೆ ಭೀಷ್ಮಪ್ರತಿಜ್ಞೆ ಮಾಡಿದ. ಕೇಳಿಸಿಕೊಂಡವರು ಇಬ್ಬರೇ. ಹೆಂಡತಿ ಒಫೇಲಿಯಾ, ಮತ್ತು ಪಕ್ಕದ ಮನೆಯ ಚೆಮಾ. ಈ ಚೆಮಾ ಎಲಾಡಿಯೊನ ಮಗಳ ಜ್ಞಾನಸ್ನಾನದ ದಿನ ಧರ್ಮಪಿತನಾಗಿ ನಿಂತವನು. ಅಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು 'ಕೊಂಪಾದ್ರೆ' ಎಂದೇ ಕರೆಯುವುದು. ಮೂವತ್ತು ವರ್ಷದ ನಂಟು. ಪ್ರತಿ ಭಾನುವಾರ ಚೆಮಾ ತನ್ನ ಕೆಂಡದ ಒಲೆಯನ್ನು ಉರುಳಿಸಿಕೊಂಡು ಈ ಹಿತ್ತಲಿಗೆ ಬರುತ್ತಾನೆ, ಮಾಂಸ ಸುಡುತ್ತಾನೆ, ಎಲ್ಲರೂ ಹೊಟ್ಟೆ ಬಿರಿಯ ತಿನ್ನುತ್ತಾರೆ.

"ಇಪ್ಪತ್ತೈದು ವರ್ಷ ನೀನು ಇರ್ತೀಯೋ ಇಲ್ವೋ ನೋಡ್ಕೋ ಕೊಂಪಾದ್ರೆ," ಎಂದ ಚೆಮಾ, ಮಾಂಸ ಮಗುಚುತ್ತ.

"ನಾನು ಇಲ್ದಿದ್ರೂ ಡೆಕ್ ಇರುತ್ತೆ!"

ಹಿತ್ತಲಿನ ಹಳೆಯ ಮರದ ಜಗಲಿಯನ್ನು, ಅಂದರೆ ಹಳೆಯ ಡೆಕ್ಕನ್ನು, ಬಿಸಿಲು ಹಪ್ಪಳ ಮಾಡಿ ಬಿಟ್ಟಿತ್ತು. ಈಗ ಹಾಕಿಸಿದ್ದು ಮರದ ಪುಡಿ, ಪ್ಲಾಸ್ಟಿಕ್ ಎರಡನ್ನೂ ಕಲಸಿ ಮಾಡಿದ ಕಂಪೋಸಿಟ್ ಹಲಗೆ. ಗೆದ್ದಲು ತಿನ್ನದು, ಬಣ್ಣ ಬೇಡ. ಹಾಗೆಂದು ಎಲಾಡಿಯೊ ಸುಮ್ಮನಿರುವ ಆಸಾಮಿಯೇ? ಮೂವತ್ತೆಂಟು ವರ್ಷ ಶಾಲಾ ಬಸ್ಸುಗಳ ಮೆಕ್ಯಾನಿಕ್ ಆಗಿದ್ದವನು! ಸೂರ್ಯ ಏಳುವ ಮೊದಲೇ ಎದ್ದು ಮರುಭೂಮಿಯ ಧೂಳು ಗುಡಿಸುತ್ತಿದ್ದ. ಬಿಸಿಲಿಗೆ ಹಲಗೆ ಉಬ್ಬುತ್ತದೆ, ಸಂದಿ ಕಟ್ಟಿಕೊಂಡರೆ ಒಂದನ್ನೊಂದು ಎತ್ತಿ ಒಗೆಯುತ್ತದೆ ಎಂದು ಸಂದಿಗಳಲ್ಲಿ ಸಿಕ್ಕ ಮೆಸ್ಕೀಟ್ ಮರದ ಎಲೆಗಳನ್ನು ಒಫೇಲಿಯಾಳ ಬೆಣ್ಣೆಚೂರಿಯಿಂದ ಒಂದೊಂದಾಗಿ ಕೀಳುತ್ತಿದ್ದ. ಸೋಪುನೀರಿನಲ್ಲಿ ತೊಳೆದ ಮೇಲೆ, ಗಡಸು ನೀರಿನ ಬಿಳಿ ಕಲೆ ಉಳಿಯದಂತೆ ಟವೆಲ್ಲಿನಲ್ಲಿ ಒರೆಸುತ್ತಿದ್ದ.

"ನಮ್ಮ ಮೂರು ಮಕ್ಕಳಲ್ಲಿ ಒಂದಕ್ಕಾದ್ರೂ ಹೀಗೆ ಮೈ ಒರೆಸಿದ್ಯಾ ಮುದುಕ?" ಎಂದು ಒಫೇಲಿಯಾ ಕೇಳಿದಳು.

"ಅವು ಒಂದು ಕಡೆ ನಿಲ್ತಿರಲಿಲ್ಲ ಮುದುಕಿ. ಇದು ನಿಲ್ಲುತ್ತೆ!"

ಜೂನ್ ಬಂತು. ನೂರಾ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್. ಮನುಷ್ಯನಿಗೆ ಬಂದರೆ ಸಾವು, ಟೂಸಾನಿಗೆ ಬಂದರೆ ಜೂನ್. ಒಂದು ಸೋಮವಾರ ಬೆಳಿಗ್ಗೆ ಎಲಾಡಿಯೊ ಬ್ರಷ್ ಹಿಡಿದು ಹೊರಗೆ ಬಂದವನು ನಿಂತಲ್ಲೇ ಕಲ್ಲಾದ. ಡೆಕ್ಕಿನ ನಟ್ಟನಡುವೆ ನಾಲ್ಕು ಬೆರಳು ಅಗಲದ ಬರೆ! ಬಿಸಿ ಸೌಟಿನ ಬೆನ್ನನ್ನು ಯಾರೋ ಎಳೆದ ಹಾಗೆ ಹಲಗೆ ಕರಗಿ, ತಗ್ಗಾಗಿ, ಮಿರಮಿರ ಮಿಂಚುತ್ತಿತ್ತು.

ನಿನ್ನೆ ತಾನೇ ಭಾನುವಾರ. ಇನ್ನೇನು ಬೇಕು ಸಾಕ್ಷಿ? ಎಂಜಿನ್ ಒಮ್ಮೆ ಕೆಮ್ಮಿದರೆ ಸಾಕು, ಕಾಯಿಲೆ ಹೇಳುತ್ತಿದ್ದವನಿಗೆ ಇದೊಂದು ಲೆಕ್ಕವೇ! ಬೀದಿಗೆಲ್ಲ ಕೇಳಿಸುವಂತೆ ಗೋಡೆಯ ಮೇಲಿಂದ ಗುಡುಗಿದ:

"ಚೆಮಾ! ನಿನ್ನ ಕೆಂಡ ಬಿದ್ದು ನನ್ನ ಡೆಕ್ ಸುಟ್ಟು ಹೋಯ್ತು!"

ಚೆಮಾ ಬಂದು ನೋಡಿದ. "ಕೆಂಡ ಬಿದ್ರೆ ತೂತಾಗುತ್ತೆ. ಇದು ಗೆರೆ. ನನ್ನ ಕೆಂಡವೇನು ಸ್ಕೇಲ್ ಇಟ್ಕೊಂಡು ಬೀಳುತ್ತಾ?"

"ಇಲ್ಲಿ ಬೆಂಕಿ ಹಚ್ಚೋನು ನೀನೊಬ್ನೇ!"

"ಹೌದಾ? ಇನ್ಮೇಲೆ ಅವನೂ ಇಲ್ಲ," ಎಂದ ಚೆಮಾ. ನಿನ್ನೆಯಿಂದ ಮೂಲೆಯಲ್ಲೇ ಇದ್ದ ಒಲೆಯನ್ನು ಗಡಗಡ ಉರುಳಿಸಿಕೊಂಡು ಹೊರಟೇ ಹೋದ.

ಮುಂದಿನ ಭಾನುವಾರ ಹಿತ್ತಲು ಭಣಭಣ. ಒಫೇಲಿಯಾ ಗಂಡನ ಮುಂದೆ ಬೇಯಿಸಿದ ಬೀನ್ಸ್ ಕಾಳಿನ ತಟ್ಟೆ ಕುಕ್ಕಿದಳು. ಅತ್ತ ಗೋಡೆಯಾಚೆಯಿಂದ ಸುಟ್ಟ ಮಾಂಸದ ಪರಿಮಳ ತೇಲಿ ಬಂದು ಎಲಾಡಿಯೊನ ಮೂಗನ್ನು ಹಿಂಡುತ್ತಿತ್ತು.

ಅದಕ್ಕಿಂತ ದೊಡ್ಡ ಸಂಕಟ ಸೋಮವಾರ ಕಾದಿತ್ತು. ಮೊದಲ ಬರೆಯ ಪಕ್ಕ ಇನ್ನೊಂದು ಬರೆ! ಒಲೆಯಿಲ್ಲ, ಕೆಂಡವಿಲ್ಲ, ಚೆಮಾ ಇಲ್ಲ. ಎಲಾಡಿಯೊ ಅತ್ತಿತ್ತ ನೋಡಿ, ಒಂದು ಕಳ್ಳಿಗಿಡದ ಕುಂಡ ತಂದು ಅದರ ಮೇಲಿಟ್ಟ. ಬುಧವಾರ ಮೂರನೆಯದು. ಎರಡನೆಯ ಕುಂಡ. ಶುಕ್ರವಾರ ನಾಲ್ಕನೆಯ ಬರೆ, ಮೂರನೆಯ ಕುಂಡ.

"ಏನು ಮುದುಕ, ಈ ಕಳ್ಳಿಗಳು ದಿನಾ ಮೆರವಣಿಗೆ ಹೊರಡ್ತಾವಲ್ಲ?" ಎಂದಳು ಒಫೇಲಿಯಾ.

"ಅಲಂಕಾರಕ್ಕೆ."

ಅವಳು ಬಗ್ಗಿ ಒಂದು ಕುಂಡ ಎತ್ತಿದಳು. ನೋಡಿದಳು. ಇನ್ನೊಂದು ಎತ್ತಿದಳು. "ಚೆಮಾ ರಾತ್ರಿ ಬಂದು ಕದ್ದು ಮಾಂಸ ಸುಟ್ನಾ? ಅಥವಾ ಭೂತಚೇಷ್ಟೆನಾ?"

ಎಲಾಡಿಯೊ ಕುಂಡಗಳನ್ನು ಪಕ್ಕಕ್ಕೆ ಸರಿಸಿದ. ಅವನ ತಲೆಯೊಳಗೆ ಒಂದು ಹುಳ ಹೊಕ್ಕಿತ್ತು. ಅವಮಾನ, ಕೋಪ ಎಲ್ಲ ಹಿಂದೆ ಸರಿದು, 'ಅಲ್ಲ, ಇದು ಆಗುವುದಾದರೂ ಹೇಗೆ?' ಎಂಬ ಪ್ರಶ್ನೆಯೊಂದೇ ಕೊರೆಯತೊಡಗಿತು. ಬರೆಗಳ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಹಾಕಿದ. ಬೆಳಿಗ್ಗೆ ಅಳೆದ, ಮಧ್ಯಾಹ್ನ ಅಳೆದ, ಸಂಜೆ ಅಳೆದ. ಮಧ್ಯಾಹ್ನಕ್ಕೂ ಸಂಜೆಗೂ ನಡುವೆಯೇ ಗೆರೆ ಬೆಳೆಯುತ್ತಿತ್ತು! ಕಳ್ಳ ಹಾಡಹಗಲೇ ಬರುತ್ತಿದ್ದ!

ಶನಿವಾರ ಎರಡು ಗಂಟೆಗೆ ಅಗಲ ಅಂಚಿನ ಟೋಪಿ ಹಾಕಿ, ಐಸ್‌ನೀರಿನ ಜಗ್ ಹಿಡಿದು, ಡೆಕ್ ಮೇಲೆ ಕುರ್ಚಿ ಹಾಕಿ ಕೂತ. ಕೂತ, ಕೂತ, ಕೂತ. ಮೂರು ಗಂಟೆಗೆ ಒಂದು ಹಲ್ಲಿ ಹಲಗೆ ದಾಟಲು ಹೊರಟಿತು. ಅರ್ಧ ದಾರಿಗೆ ಬಂದದ್ದೇ ತಡ, ಕಾದ ಕಾವಲಿಯ ಮೇಲೆ ನೀರಹನಿ ಬಿದ್ದಂತೆ ಚಿಮ್ಮಿ ಹಾರಿ ಓಡಿತು!

ಎಲಾಡಿಯೊ ಮೊಣಕಾಲೂರಿ ಹಲ್ಲಿ ಹಾರಿದ ಜಾಗದ ಮೇಲೆ ಅಂಗೈ ಚಾಚಿದ. ಚುರ್ರೆಂದಿತು! ಅಂಗೈ ಮೇಲೆ ಒಂದು ಬೆಳಕಿನ ಪಟ್ಟಿ, ಬಿಸಿಲಿಗಿಂತ ಬಿಸಿಲು. ಇದೆಲ್ಲಿಂದ? ಆಕಾಶ ನೋಡಿದ. ಮನೆಯ ಸೂರು ನೋಡಿದ. ಚೆಮಾನ ಮನೆಯ ಕಡೆ, ಅಭ್ಯಾಸಬಲದಿಂದ, ಒಮ್ಮೆ ಕೆಕ್ಕರಿಸಿದ.

ಒಳಗಿನಿಂದ ಒಫೇಲಿಯಾ ಕಿಟಕಿ ಸರಿಸಿ ತಲೆ ಹೊರಹಾಕಿದಳು. "ಜ್ಯೂಸ್ ಬೇಕಾ?"

ಬೆಳಕಿನ ಪಟ್ಟಿ ಮಾಯ!

"ಮುಚ್ಚು!" ಎಂದು ಅರಚಿದ ಎಲಾಡಿಯೊ.

"ಜ್ಯೂಸ್ ಕೇಳಿದ್ದಕ್ಕೆ ಬಾಯಿ ಮುಚ್ಚು ಅಂತೀಯಾ?"

"ಬಾಯಲ್ಲ, ಕಿಟಕಿ! ಕಿಟಕಿ ಮುಚ್ಚು!"

ಮುಚ್ಚಿದಳು. ಬೆಳಕು ಬಂತು.

"ತೆಗಿ!" ಹೋಯಿತು. "ಮುಚ್ಚು!" ಬಂತು. "ತೆಗಿ! ಮುಚ್ಚು! ತೆಗಿ!"

ಆರನೆಯ ಸಲ ಅವಳ ಕೈ ನಿಂತಿತು. ಕಿಟಕಿ ನೋಡಿದಳು, ಡೆಕ್ ನೋಡಿದಳು, ಗಂಡನ ಮುಖ ನೋಡಿದಳು. ಮೇ ಕೊನೆಯಲ್ಲಿ, ಮನೆಯೊಳಗೆ ಬಿಸಿಲು ಬಾರದಿರಲೆಂದು, ಎಲಾಡಿಯೊ ತಾನೇ ಆರಿಸಿ, ತಾನೇ ಕೂರಿಸಿ, ತಾನೇ ಚಪ್ಪಾಳೆ ತಟ್ಟಿಕೊಂಡಿದ್ದ ಜೋಡಿಗಾಜಿನ ಕಿಟಕಿ ಅದು. ಬಿಸಿಲು ಒಳಗೆ ಬರಲಿಲ್ಲ, ನಿಜ. ಗಾಜಿನ ಹೊಟ್ಟೆ ತುಸು ಒಳಸರಿದು, ಬಂದ ಬಿಸಿಲನ್ನೆಲ್ಲ ಒಟ್ಟುಗೂಡಿಸಿ ಹಿಂದಕ್ಕೆ, ನೇರ ಡೆಕ್ಕಿನ ಮೇಲೆ ಎಸೆಯುತ್ತಿತ್ತು! ಒಫೇಲಿಯಾ ಹೇಳಿದ್ದರಲ್ಲಿ ಅರ್ಧ ನಿಜವಾಗಿತ್ತು. ಭೂತವಲ್ಲ, ಭೂತಗನ್ನಡಿ!

"ಅಬ್ಬಾ! ಎಂಥ ಚಂದ!" ಎಂದ ಎಲಾಡಿಯೊ, ಮೈಮರೆತು.

"ಚಂದಾನೇ. ಈಗ ಎಲ್ಲಿಗೆ ಹೋಗ್ಬೇಕು ಗೊತ್ತಲ್ಲ?"

"ಅಂಗಡಿಗೆ. ಕಿಟಕಿಗೆ ಹೊರಗಡೆ ಪರದೆ ಬೇಕು."

"ಚೆಮಾ ಮನೆಗೆ!"

ಚೆಮಾ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿದ. ಹಲ್ಲಿಯ ಭಾಗವನ್ನು ಎರಡು ಸಲ ಹೇಳಿಸಿದ. ಆಮೇಲೆ ಕೈ ಕಟ್ಟಿದ.

"ಬೈದಿದ್ದು ಬೀದಿಗೆಲ್ಲ ಕೇಳಿಸ್ತು ಕೊಂಪಾದ್ರೆ. ಕ್ಷಮೆ ಮಾತ್ರ ಬಾಗಿಲ ಸಂದಿಲಿ ಪಿಸುಗುಟ್ತೀಯಾ? ನಾಳೆ ಎಲ್ಲರ ಮುಂದೆ ಹೇಳು. ಆಗ ಬರ್ತೀನಿ."

ಭಾನುವಾರ ಬೀದಿಗೆ ಬೀದಿಯೇ ಮೆಸ್ಕೀಟ್ ಮರದ ನೆರಳಿನಲ್ಲಿ ಸೇರಿತು. ಕಿಟಕಿಗೆ ಮುಚ್ಚಿದ್ದ ದುಪ್ಪಟಿಯನ್ನು ಎಲಾಡಿಯೊ ಸ್ವತಃ ತೆಗೆದ. ಕ್ಷಮೆಯ ಜೊತೆಗೆ ವಿಜ್ಞಾನವೂ ಆಗಲಿ ಎಂದು! ಸರಿಯಾಗಿ ಮೂರು ಗಂಟೆಗೆ, ಕಿಟಕಿಗೆ ಬೆನ್ನು ಮಾಡಿ, ಡೆಕ್ಕಿನ ನಡುವೆ ನಿಂತ.

"ಬಂಧುಗಳೇ, ಸೂರ್ಯ ನಮ್ಮಿಂದ ಬಹಳ ದೂರದಲ್ಲಿದಾನೆ..."

"ಅಲ್ಲಿಂದ ಶುರು ಮಾಡಿದ್ರೆ ಊಟ ನಾಳೆಗೆ!" ಎಂದಳು ಒಫೇಲಿಯಾ.

ಎಲಾಡಿಯೊ ಸೂರ್ಯನಿಂದ ಗಾಜಿಗೆ ಇಳಿದ, ಗಾಜಿನಿಂದ ಹಲ್ಲಿಗೆ ಇಳಿದ. ಆಮೇಲೆ ಇಳಿಯಲು ಜಾಗ ಉಳಿದಿರಲಿಲ್ಲ. ಹಣೆ ಬೆವೆತಿತು. ಸೊಂಟದ ಕೆಳಗೆ ಹಿಂಭಾಗದಲ್ಲಿ ಏನೋ ಉರಿ ಏರತೊಡಗಿತು. ಹಲ್ಲು ಕಚ್ಚಿ ನಿಂತ.

"ಚೆಮಾ... ಚೆಮಾನ ಕೆಂಡ ಅಲ್ಲ. ನನ್ನ ಕಿಟಕಿ. ತಪ್ಪು ನಂದು. ಕೊಂಪಾದ್ರೆ, ನನ್ನ ಕ್ಷಮಿಸಿಬಿಡು!"

ಚೆಮಾ ಕಣ್ಣೊರೆಸಿಕೊಳ್ಳುತ್ತ ಎದ್ದವನು ಮೂಗು ಅರಳಿಸಿದ. "ಏನೋ ಸುಟ್ಟ ವಾಸನೆ..."

"ಅಯ್ಯೋ ಮುದುಕ, ಈಚೆ ಬಾ! ಬೆಳಕಿನ ಪಟ್ಟೆಲೇ ನಿಂತಿದೀಯ!" ಎಂದು ಒಫೇಲಿಯಾ ಕೂಗಿದಳು.

ಎಲಾಡಿಯೊ ಎಗರಿ ಬಿದ್ದು ಹಿಂಜೇಬಿಗೆ ಕೈಹಾಕಿದ. ಹೊರಬಂದ ಪ್ಲಾಸ್ಟಿಕ್ ಬಾಚಣಿಗೆ ಬಿದಿಗೆಯ ಚಂದ್ರನ ಹಾಗೆ ಬಾಗಿತ್ತು.

"ಇಷ್ಟು ಬಿಸಿ ಆಗೋತನಕ ಸುಮ್ನೆ ನಿಂತಿದ್ಯಲ್ಲ, ಗೊತ್ತಾಗ್ಲಿಲ್ವಾ?" ಎಂದು ಚೆಮಾ ದಂಗಾಗಿ ಕೇಳಿದ.

"ಗೊತ್ತಾಯ್ತು," ಎಂದ ಎಲಾಡಿಯೊ, ಹಿಂಭಾಗ ಸವರಿಕೊಳ್ಳುತ್ತ. "ಜನ್ಮದಲ್ಲಿ ಮೊದಲ ಸಲ ಕ್ಷಮೆ ಕೇಳ್ತಿದೀನಲ್ಲ, ಕೇಳೋವಾಗ ಎಲ್ಲರಿಗೂ ಹೀಗೇ ಆಗುತ್ತೇನೋ ಅಂದ್ಕೊಂಡೆ!"