ಹಾಸನದ ಹಾಡು ಘಾಟ್ಕೋಪರಿಗೆ ಬಂದದ್ದು

ಹೊಸ ಸಾಮಾನು ಮನೆಗೆ ಬಂದ ದಿನವೇ ಅದರ ವಿಷಯದಲ್ಲಿ ಪಂಡಿತರಾಗಿಬಿಡುವವರು ಕೆಲವರಿದ್ದಾರೆ. ನಾನು ಆ ಪೈಕಿ. ಫ್ರಿಜ್ಜು ಬಂದಾಗ ಅದರೊಳಗೆ ಮೊಸರು ಗಟ್ಟಿಯಾಗಿ ಹೆಪ್ಪಾಗುತ್ತದೆಂದು ಇಡೀ ಬಿಲ್ಡಿಂಗಿಗೆ ಪಾಠ ಹೇಳಿ, ಕೊನೆಗೆ ಅನ್ನಕ್ಕೆ ತಣ್ಣನೆಯ ಹಾಲು ಕಲಸಿಕೊಂಡು ತಿಂದವನು. ಆದರೂ ಬುದ್ಧಿ ಬಂದಿರಲಿಲ್ಲ. ತೊಂಬತ್ತರ ದಶಕದ ಆರಂಭದಲ್ಲಿ ಮುಂಬಯಿಯ ಘಾಟ್ಕೋಪರಿನ ನಮ್ಮ ಮನೆಗೆ ಎಫ್‌ಎಂ ಇರುವ ರೇಡಿಯೋ ತಂದೆ.

ತಂದದ್ದಕ್ಕೆ ಕಾರಣ ನನ್ನ ಹೆಂಡತಿಯ ತಂಗಿ ವಿಮಲ. ಹಾಸನದಲ್ಲಿ ಆಗಷ್ಟೇ ಶುರುವಾಗಿದ್ದ ಎಫ್‌ಎಂ ನಿಲಯದಲ್ಲಿ ಅವಳ ಹಾಡು ಧ್ವನಿಮುದ್ರಣವಾಗಿತ್ತು. ಭಾನುವಾರ ಬೆಳಿಗ್ಗೆ ಪ್ರಸಾರ. ಅವಳಿಗೆ ಸಂಗೀತ ಕಲಿಸಿದ್ದು ನನ್ನಾಕೆ ಜಯ. ರೇಡಿಯೋದಲ್ಲಿ ಹಾಡಬೇಕೆಂದು ಆಸೆಪಟ್ಟಿದ್ದು ಜಯ, ಮದುವೆಯಾಗಿ ಮುಂಬಯಿಗೆ ಬಂದು ಆಸೆ ಬಿಟ್ಟದ್ದೂ ಜಯ. ಈಗ ತಂಗಿ ಹಾಡುತ್ತಾಳೆಂದು ವಾರವಿಡೀ ಅವಳ ಕಾಲು ನೆಲದ ಮೇಲಿರಲಿಲ್ಲ.

“ಇಲ್ಲಿಗೆ ಕೇಳ್ಸುತ್ತೇನ್ರೀ?” ಎಂದು ಕೇಳಿದಳು. “ಎಫ್‌ಎಂ ಕಣೇ ಅದು!” ಎಂದು ಗದರಿದೆ. ಕೆಳಗೆ ಹೋಟೆಲು ನಡೆಸುವ ಶೆಟ್ಟರು, “ಎಫ್‌ಎಂ ಅಂದ್ರೆ ನಮ್ಮೂರ ಸರ್ವಿಸ್ ಬಸ್ಸಿನ ಹಾಗೆ ಸಾರ್. ಹತ್ತಿರದ ನಾಲ್ಕು ಊರು ಸುತ್ತಿ ವಾಪಸ್ ಹೋಗ್ತದೆ. ಬೊಂಬಾಯಿಗೆ ಎಂತ ಬರ್ತದೆ ಮಾರಾಯ್ರೇ?” ಎಂದರು. ಹೋಟೆಲಿನವರಿಗೇನು ಗೊತ್ತು ವಿಜ್ಞಾನ ಎಂದುಕೊಂಡು, ಅಕ್ಕಪಕ್ಕದವರನ್ನೆಲ್ಲ ಹಾಡು ಕೇಳಲು ಕರೆದೆ.

ಭಾನುವಾರ ಮನೆ ತುಂಬ ಜನ. ಏರಿಯಲ್ಲನ್ನು ಕಿಟಕಿಗೆ, ಗೋಡೆಗೆ, ಕೊನೆಗೆ ಪಕ್ಕದ ಮನೆಯ ಮರಾಠಿ ಹೆಂಗಸು ಕುಲಕರ್ಣಿ ಕಾಕುವಿನ ಮೂಗಿನ ತನಕ ತಿರುಗಿಸಿದ್ದಾಯಿತು. ಮುಂಬಯಿಯ ಹಿಂದಿ ಹಾಡುಗಳು ಬಂದವೇ ಹೊರತು ಹಾಸನ ಬರಲಿಲ್ಲ. ಜಯಳ ಮುಖ ನೋಡಲಾಗಲಿಲ್ಲ. ನನಗೆ ನಿಜವಾಗಿಯೂ ಸಂಕಟವಾಯಿತು. ಅವಳು ಚಪ್ಪಲಿ ಮೆಟ್ಟಿ ಕೆಳಗಿಳಿದಳು. ಹಿಂದೆಯೇ ಇಡೀ ದಂಡು.

ಶೆಟ್ಟರ ಗಲ್ಲಾದ ಮೇಲಿನ ಫೋನಿನಿಂದ ಹಾಸನಕ್ಕೆ ಎಸ್‌ಟಿಡಿ ಮಾಡಿದಳು. ವಿಮಲಳೇ ಎತ್ತಿದಳು. “ಫೋನನ್ನ ರೇಡಿಯೋ ಹತ್ರ ಹಿಡ್ಕೊಳೇ!” ಎಂದಳು ಜಯ.

“ಹಾಡಿದವರೇ ಫೋನಲ್ಲಿದ್ದಾರಲ್ಲ, ಅವರೇ ಹಾಡಿದ್ರೆ ಆಗುದಿಲ್ವಾ?” ಎಂದರು ಶೆಟ್ಟರು.

“ಅವಳು ಅಡುಗೆಮನೇಲೂ ಹಾಡ್ತಾಳೆ ಶೆಟ್ರೇ. ನಂಗೆ ರೇಡಿಯೋದಲ್ಲೇ ಬರಬೇಕು!”

ನ್ಯಾಯವಾದ ಮಾತು. ಅಲ್ಲಿ ಗಾಯಕಿ ಉಸಿರು ಬಿಗಿಹಿಡಿದು ತನ್ನದೇ ಹಾಡಿಗೆ ಫೋನು ಹಿಡಿದು ನಿಂತಳು. ಇಲ್ಲಿ ಶೆಟ್ಟರು ಗ್ರೈಂಡರು ನಿಲ್ಲಿಸಿದರು, ಫ್ಯಾನು ನಿಲ್ಲಿಸಿದರು, ದೋಸೆ ಕೇಳಿದ ಗಿರಾಕಿಯನ್ನು ಕಣ್ಣಲ್ಲೇ ಕೂರಿಸಿದರು. “ಬಂತು! ಅವಳ ಹೆಸರು ಹೇಳಿದ್ರು!” ಎಂದು ಜಯ ಕೂಗಿದಳು. ನಗುತ್ತಲೇ ಅತ್ತಳು. ಪಲ್ಲವಿಯೆಲ್ಲ ತಾನೇ ಕೇಳಿ, ಆಮೇಲೆ ರಿಸೀವರನ್ನು ಹಂಚಿದಳು. “ಕಿತೀ ಗೋಡ್! ಎಷ್ಟು ಇಂಪು!” ಎಂದು ಕಾಕು ಕೆನ್ನೆಗೆ ಕೈಯಿಟ್ಟರು. ದೋಸೆಯ ಗಿರಾಕಿಗೂ ಒಂದು ಸಾಲು ಸಿಕ್ಕಿತು. ಚಪ್ಪಾಳೆಯೋ ಚಪ್ಪಾಳೆ. ಶೆಟ್ಟರು ಎಲ್ಲರಿಗೂ ಕಾಫಿ ಹೇಳಿದರು. ಹಾಸನವನ್ನು ಘಾಟ್ಕೋಪರಿಗೆ ಎಳೆದು ತಂದಿದ್ದ ಜಯ ರಾಣಿಯಂತೆ ನಿಂತಿದ್ದಳು.

ಎಲ್ಲರಿಗಿಂತ ಕೊನೆಗೆ ರಿಸೀವರು ನನ್ನ ಕೈಗೆ ಬಂತು. ಹಾಡು ಮುಗಿದು, ಗಂಭೀರ ಧ್ವನಿಯೊಂದು ಆಲೂಗಡ್ಡೆಯ ಅಂಗಮಾರಿ ರೋಗದ ಬಗ್ಗೆ ರೈತರಿಗೆ ತಿಳಿಹೇಳುತ್ತಿತ್ತು. ನಡುವೆ ವಿಮಲಳ ದನಿ: “ಭಾವಾ, ಹೇಗಿತ್ತು?” ಇಡೀ ಹೋಟೆಲು ನನ್ನ ಮುಖ ನೋಡುತ್ತಿತ್ತು. ಕಣ್ಣು ಮುಚ್ಚಿ ತಲೆದೂಗಿದೆ. “ಅದ್ಭುತ ಕಣಮ್ಮ! ಕೊನೇ ಭಾಗವಂತೂ ಸಾಯೋ ತನಕ ಮರೆಯಲ್ಲ.”

ಸುಳ್ಳು ಹೇಳಲಿಲ್ಲ. ರೋಗ ತಗುಲಿದ ಎಲೆಗಳನ್ನು ಕಿತ್ತು ಸುಡಬೇಕು ಎಂಬುದು ನನಗೆ ಇವತ್ತಿಗೂ ನೆನಪಿದೆ.