ಕೀಲೆಣ್ಣೆ ಕಂಡ ಕೆಂಪು ಕಾರು

ನಮ್ಮ ವಂಶದಲ್ಲಿ ಇವತ್ತಿನವರೆಗೆ ಯಾರ ಗಾಡಿಯೂ ಕಿರುಗುಟ್ಟಿದ್ದಿಲ್ಲ! ಹದಿನಾರು ಎಂಬ ಊರಿನ ನಮ್ಮ ತಾತ ಕಲ್ಲಯ್ಯನವರ ಎತ್ತಿನಗಾಡಿ ಬೀದಿಗೆ ಬಂದರೆ ಎತ್ತಿನ ಉಸಿರು ಕೇಳಬೇಕೇ ಹೊರತು ಗಾಲಿಯ ಸದ್ದು ಕೇಳುತ್ತಿರಲಿಲ್ಲವಂತೆ. ಅಂಥವರ ಮೊಮ್ಮಗನಾದ ನಾನು, ನಂಜನಗೂಡಿನ ಗಣಿತದ ಮೇಷ್ಟ್ರು, ಒಂದು ಭಾನುವಾರ ಅತ್ತೆಯ ಮುಂದೆ ಎದೆ ತಟ್ಟಿಕೊಂಡು ಹೇಳಿದೆ: "ಮಾವನವರ ಕಾರಲ್ಲಿ ಇನ್ನು ಎಣ್ಣೆ ಕಾಣದ ಮೂಲೆ ಇರಲ್ಲ. ಇದ್ರೆ ನನ್ನ ಹೆಸರು ನಟರಾಜನೇ ಅಲ್ಲ."

ಮಾವ ಪುಟ್ಟಬಸವಯ್ಯನವರು ತೀರಿಕೊಂಡು ವರ್ಷವಾಗುತ್ತಿತ್ತು. ಬಿಟ್ಟುಹೋದದ್ದು ಮುಟ್ಟಿದಲ್ಲೆಲ್ಲ ಕಿರುಗುಟ್ಟುವ, ಐವತ್ತೈದು ವರ್ಷದ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು, ತಲೆಯ ಮೇಲೆ ಬರೀ ಆಕಾಶ. ಅದರಲ್ಲಿ ಅತ್ತೆಯನ್ನು ಕೂರಿಸಿಕೊಂಡು ತಿ. ನರಸೀಪುರದ ಸಂಗಮಕ್ಕೆ ಹೋಗಿ, ಹೊಳೆಯ ಇಳಿಜಾರಿನಲ್ಲಿ ನಿಲ್ಲಿಸಿ, ಇಬ್ಬರೂ ಕಡಲೆಕಾಯಿ ತಿಂದು ಬರುವುದು ಅವರ ರೂಢಿ. ವರ್ಷದ ದಿನ ಅದೇ ಕಾರಿನಲ್ಲಿ ಅಲ್ಲಿಗೆ ಹೋಗಬೇಕೆಂದು ಅತ್ತೆ ಚನ್ನಬಸಮ್ಮನವರ ಆಸೆ. ಕಾರಿನ ಮೇಲೆ ನನಗೊಂದು ಕಣ್ಣು, ನನ್ನ ಭಾವಮೈದ ಅಮೃತೇಶನಿಗೆ ಎರಡು ಕಣ್ಣು. ಅತ್ತೆ ತೀರ್ಪು ಕೊಟ್ಟರು: ಅಳಿಯ ತಮ್ಮನ್ನು ಸುಸೂತ್ರವಾಗಿ ಸಂಗಮಕ್ಕೆ ಕರೆದೊಯ್ದು ತಂದರೆ ಕಾರು ಅಳಿಯನಿಗೆ, ಇಲ್ಲವಾದರೆ ಮಗನಿಗೆ.

ಮೆಕ್ಯಾನಿಕ್ ನಂಜೇಶನನ್ನು ವಿಚಾರಿಸಿದೆ. ಎಂಜಿನ್ನಿಗೆ ಎಲ್ಲರೂ ಎಣ್ಣೆ ಹಾಕುತ್ತಾರೆ, ಬಾಗಿಲ ಕೀಲು, ಪೆಡಲಿನ ಬುಡ, ಬಾನೆಟ್ಟಿನ ತಂತಿ, ವೈಪರಿನ ಗೂಟ ಇವನ್ನು ಯಾರೂ ನೋಡುವುದಿಲ್ಲ ಎಂದ. "ತೆಳ್ಳನೆ ಎಣ್ಣೆ ಸಾ, ಒಂದೊಂದೇ ತೊಟ್ಟು," ಎಂದೂ ಹೇಳಿದ.

ಒಂದು ತೊಟ್ಟಂತೆ! ಒಗ್ಗರಣೆಗೂ ಸಾಲದು. ಹುಲ್ಲು ಸುಟ್ಟು ಕರಿ ಮಾಡಿ, ಹರಳೆಣ್ಣೆ ಸುರಿದು, ತಾತ ಗಾಡಿಯ ಅಚ್ಚಿಗೆ ಹಚ್ಚುತ್ತಿದ್ದ ಅಪ್ಪಟ ಕೀಲೆಣ್ಣೆಯನ್ನೇ ಒಂದು ಡಬರಿ ಕಲಸಿದೆ. ಕೀಲಿಗೆ ಮೆತ್ತಿದೆ, ತಂತಿಗೆ ಮೆತ್ತಿದೆ, ಬಾಗಿಲ ಹಿಡಿಗೂ ಮೆತ್ತಿದೆ. ಹ್ಯಾಂಡ್‌ಬ್ರೇಕ್ ಎಳೆದಾಗ ಕಟಕಟ ಎಂದು ಹಲ್ಲು ಕಡಿಯುತ್ತಿತ್ತು. ಆ ಹಲ್ಲುಗಳ ಸಂದಿಗೆ ಮುಷ್ಟಿಗಟ್ಟಲೆ ತುಂಬಿದೆ. ಕಟಕಟ ಮಂಗಮಾಯ! ಸೀಟಿನಡಿ ಮೂರು ಮೂಲೆಯ ಕಗ್ಗಲ್ಲೊಂದು ಸಿಕ್ಕಿತು. ಸ್ಪೋರ್ಟ್ಸ್ ಕಾರಿಗೆ ಕಲ್ಲೇಕೆ? ಹಿತ್ತಿಲಿಗೆ ಎಸೆದೆ.

ಹೆಂಡತಿ ಪವಿತ್ರ ಸೊಂಟಕ್ಕೆ ಕೈಯಿಟ್ಟು ನಿಂತು ನೋಡಿದಳು. "ರೀ, ಅದು ಕಾರು ಕಣ್ರೀ, ಗಾಣ ಅಲ್ಲ."

ವರ್ಷದ ದಿನ ಅತ್ತೆ ಟವೆಲಿನಲ್ಲಿ ಕಟ್ಟಿದ ಗಂಟೊಂದನ್ನು ಮಡಿಲಲ್ಲಿಟ್ಟು ಕೂತರು. ಹೊಳೆಗೆ ಹಣ್ಣು ಕಾಯಿ ಇರಬೇಕೆಂದುಕೊಂಡೆ. ಭಾರವಾದೀತು, ಕೆಳಗಿಡಿ ಎಂದರೆ ಕೇಳಲಿಲ್ಲ. ಪವಿತ್ರ ಸ್ಕೂಟರಿನಲ್ಲಿ ಹಿಂದೆ ಬಂದಳು. ದಾರಿಯುದ್ದಕ್ಕೂ ಕಾರು ಮೌನವ್ರತ ಹಿಡಿದಿತ್ತು. ನಾನು ಆಗಲೇ ಮನಸ್ಸಿನಲ್ಲಿ ಅಮೃತೇಶನಿಗೆ ಸಮಾಧಾನ ಹೇಳುತ್ತಿದ್ದೆ.

ಸಂಗಮದ ಇಳಿಜಾರಿನಲ್ಲಿ, ಮಾವ ನಿಲ್ಲಿಸುತ್ತಿದ್ದ ಜಾಗದಲ್ಲೇ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಬೆಣ್ಣೆಯಲ್ಲಿ ಎಳೆದಂತೆ ಮೇಲೆ ಬಂತು, ಸದ್ದಿಲ್ಲ. ಪವಿತ್ರ ನಮ್ಮನ್ನು ದಾಟಿ ಇಳಿದು, ನೀರಿನ ಹತ್ತಿರ ಸ್ಕೂಟರ್ ನಿಲ್ಲಿಸಿದಳು. ಹೆಮ್ಮೆಯಿಂದ ಇಳಿದು ಅತ್ತೆಯ ಬಾಗಿಲು ತೆಗೆಯಲು ಸುತ್ತಿ ಬಂದೆ. ಅಷ್ಟರಲ್ಲಿ ಅತ್ತೆ ನನ್ನಿಂದ ಒಂದು ಗೇಣು ಮುಂದೆ ಹೋದರು. ಆಮೇಲೆ ಒಂದು ಮಾರು.

ಕೂತವರು ಕೂತೇ ಇದ್ದಾರೆ, ಕಾರು ಹೊರಟಿದೆ!

ಬಾಗಿಲ ಹಿಡಿ ಹಿಡಿದೆ. ನನ್ನದೇ ಕೀಲೆಣ್ಣೆ, ಕೈ ಜಾರಿತು. ಹಾರಿ ಒಳಗೆ ಬೀಳೋಣವೆಂದು ಅಂಚು ಹಿಡಿದರೆ ಅದೂ ಜಾರಿತು. ಹಿಂದಿನ ಬಂಪರ್ ತಬ್ಬಿಕೊಂಡು ಹಿಮ್ಮಡಿ ಊರಿದೆ. ಚಪ್ಪಲಿಯೊಂದು ಹಿಂದೆ ಉಳಿಯಿತು, ನಾನು ಮುಂದೆ ಹೋದೆ. ಎದುರಿಗೆ ಹೊಳೆ, ತುಂಬಿ ಹರಿಯುವ ಹೊಳೆ. ಅತ್ತೆಗೆ ಈಜು ಬರುವುದಿಲ್ಲ, ಬ್ರೇಕ್ ಯಾವುದೆಂದು ಗೊತ್ತಿಲ್ಲ. ನೀರಿಗೆ ಹತ್ತು ಮಾರು. ಎಂಟು. ಆರು.

ಕಾರು ಪವಿತ್ರಳ ಸ್ಕೂಟರಿನ ಪಕ್ಕ ಹಾಯುವಾಗ ಅತ್ತೆ ಮಡಿಲ ಗಂಟನ್ನು ಎತ್ತಿ, ಮಗುವನ್ನು ಕೊಡುವಂತೆ ಆಚೆ ಚಾಚಿದರು.

"ಪವಿ, ಗಾಲಿಗೆ ಕೊಡವ್ವ."

ಪವಿತ್ರ ಗಂಟು ಹಿಡಿದು ಎರಡು ಹೆಜ್ಜೆ ಓಡಿ, ಮುಂದಿನ ಗಾಲಿಯ ಬಾಯಿಗೆ ತುರುಕಿದಳು. ಕಾರು ಒಮ್ಮೆ ಎಗರಿ, ನಡುಗಿ, ನಿಂತಿತು. ಎರಡು ಮಾರಿನಾಚೆ ನೀರು. ನಾನು ಬಂಪರಿಗೆ ಹಣೆ ಹಚ್ಚಿ ಮಂಡಿಯೂರಿದ್ದೆ. ಆಚೆ ದಡದವರು ನನ್ನ ಭಕ್ತಿಗೆ ಮೆಚ್ಚಿರಬೇಕು.

ಹರಿದ ಟವೆಲಿನಿಂದ ಇಣುಕುತ್ತಿತ್ತು ಮೂರು ಮೂಲೆಯ ಕಗ್ಗಲ್ಲು.

"ನಿಮ್ಮ ಮಾವ ಆ ಬ್ರೇಕ್‌ನ ಒಂದಿನಾನೂ ನಂಬ್ದೋರಲ್ಲ ಅಳಿಯಂದ್ರೇ," ಎಂದರು ಅತ್ತೆ, ಸೆರಗು ಸರಿಮಾಡಿಕೊಳ್ಳುತ್ತ. "ಇಳಿಯೋಕೆ ಮುಂಚೆ ಕಲ್ಲು ಕೊಡೋದು, ಆಮೇಲೆ ಕಡ್ಲೆಕಾಯಿ. ನೀವು ಇತ್ತಿಲ್ಗೆ ಎಸೆದದ್ದ ನೋಡಿ ಎತ್ತಿಟ್ಕೊಂಡಿದ್ದೆ."

ಮಂಡಿಯ ಮಣ್ಣು ಕೊಡವಿಕೊಂಡು ಎದ್ದು, ಕಾರಿನ ವಿಷಯ ಹೇಗೆ ಎಂದು ಮೆಲ್ಲಗೆ ಕೇಳಿದೆ.

"ಕಾರು ಅಮೃತೇಶಂಗೋಗ್ಲಿ. ನಿಮ್ಗೆ ಈ ಕಲ್ಲು," ಎಂದು ಅತ್ತೆ ನನ್ನ ಕರಿ ಕೈಗಳನ್ನು ನೋಡಿದರು. "ಇದ್ಕೆ ಮಾತ್ರ ಎಣ್ಣೆ ಅಚ್ಬ್ಯಾಡಿ."