ಕ್ಯೂನಲ್ಲಿ ಬೆಳೆದ ಮಗಳು

ಚಿಕ್ಕ ಮಕ್ಕಳಿರುವ ಮನೆಯಲ್ಲಿ ನಗುವುದಕ್ಕೆ ಬೇರೆ ಏರ್ಪಾಟು ಬೇಕಾಗಿಲ್ಲ. ನಾವು ಗಂಭೀರವಾಗಿ ಏನೋ ಮಾಡುತ್ತಿರುವಾಗ ಅದು ತಾನಾಗಿಯೇ ಆಗಿಬಿಡುತ್ತದೆ. ನಮ್ಮ ಮನೆಯಲ್ಲಂತೂ ಹಾಗೆ ಆದದ್ದನ್ನೆಲ್ಲ ನಾನು ತಿಂಗಳಿಗೊಮ್ಮೆ ಕಾರ್ಡಿನಲ್ಲಿ ಬರೆದು ಕಳಿಸಬೇಕಾಗಿತ್ತು. ತೊಂದರೆ ಇದ್ದದ್ದು ಅಲ್ಲಿ.

ಕಾರ್ಡು ಹೋಗುತ್ತಿದ್ದುದು ಚಾಮರಾಜನಗರದಲ್ಲಿದ್ದ ನನ್ನ ಮಾವನವರಿಗೆ. ಅವರು ಕಂದಾಯ ಇಲಾಖೆಯಲ್ಲಿ ಷೇಕ್‌ದಾರರಾಗಿದ್ದು ನಿವೃತ್ತರಾದವರು. ಯಾವ ಹಳ್ಳಿಗೆ ಹೋದರೂ ಇವರು ಗಾಡಿಯಿಂದ ಇಳಿಯುವ ಮೊದಲೇ ಕುರ್ಚಿ ಬಂದು ಕಾದಿರುತ್ತಿತ್ತಂತೆ. ಮೊಮ್ಮಗಳು ಹುಟ್ಟಿದಂದಿನಿಂದ ಅವರಿಗೆ ನನ್ನಿಂದ ಪ್ರತಿ ತಿಂಗಳೂ ವರದಿ ಬೇಕು. ಆರೋಗ್ಯ, ಬುದ್ಧಿ, ಆಸಕ್ತಿ ಎಂದು ಮೂರು ಭಾಗ ಮಾಡಿ ಬರೆಯಬೇಕು. ಉತ್ತರ ಸರ್ಕಾರಿ ಫೈಲಿನ ಮೇಲೆ ಬರೆದ ಹಾಗೇ ಬರುತ್ತಿತ್ತು. ‘ನೋಡಲಾಯಿತು.’ ಇಲ್ಲವೆ, ‘ನೋಡಲಾಯಿತು. ತೃಪ್ತಿಕರವಾಗಿಲ್ಲ.’

ನಾನು ಲಕ್ಷ್ಮೀಪುರಂನ ಒಬ್ಬ ಡಾಕ್ಟರ ಶಾಪಿನಲ್ಲಿ ಕಾಂಪೌಂಡರ್. ಮನೆ ಚಾಮರಾಜಪುರಂನಲ್ಲಿ. ಮಗಳು ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಹುಟ್ಟಿದವಳು. ಸ್ವಾತಂತ್ರ್ಯ ಬಂದಿತ್ತು, ಸಕ್ಕರೆ ಬಂದಿರಲಿಲ್ಲ. ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಎಲ್ಲಕ್ಕೂ ರೇಷನ್ ಅಂಗಡಿಯ ಮುಂದೆ ಕ್ಯೂ. ನಾನು ಕೆಲಸಕ್ಕೆ ಹೊರಟ ಮೇಲೆ ನನ್ನ ಹೆಂಡತಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೋಗಿ ನಿಲ್ಲುತ್ತಿದ್ದಳು. ಬೇರೆ ಮಕ್ಕಳು ತೊಟ್ಟಿಲಲ್ಲಿ ಬೆಳೆದರೆ ನಮ್ಮ ಪುಟ್ಟಿ ಕ್ಯೂನಲ್ಲಿ ಬೆಳೆದಳು. ಅವಳ ವಿಷಯ ನಾನು ಎಲ್ಲಿಂದ ಶುರುಮಾಡಿದರೂ ಅಲ್ಲಿಗೇ ಬಂದು ನಿಲ್ಲುತ್ತದೆ.

ನಡಿಗೆ

ಹನ್ನೊಂದು ತಿಂಗಳಿಗೇ ಪುಟ್ಟಿ ಹೆಜ್ಜೆ ಇಟ್ಟಳು. ನಾನು ಹಿಗ್ಗಿಹೋಗಿ ಕಾರ್ಡು ಬರೆದೆ. ಬರೆದು ಡಬ್ಬಕ್ಕೆ ಹಾಕಿದ ಮೇಲೆ ಗೊತ್ತಾದದ್ದು, ಅವಳ ನಡಿಗೆಯಲ್ಲಿ ಏನೋ ಇದೆ ಎಂದು. ಎರಡು ಹೆಜ್ಜೆ ಇಡುವಳು, ನಿಲ್ಲುವಳು. ಸುಮ್ಮನೆ ಮುಂದೆ ನೋಡುತ್ತ ನಿಂತಿರುವಳು. ಆಮೇಲೆ ಮತ್ತೆ ಎರಡು ಹೆಜ್ಜೆ. ಹಜಾರದಿಂದ ಅಡುಗೆಮನೆಗೆ ಹೋಗುವಷ್ಟರಲ್ಲಿ ಅಲ್ಲಿ ಅನ್ನ ಬೆಂದಿರುತ್ತಿತ್ತು.

ಮುಂದಿನ ಕಾರ್ಡಿನಲ್ಲಿ ಇದನ್ನೂ ಬರೆದೆ. ‘ತೃಪ್ತಿಕರವಾಗಿಲ್ಲ. ವೈದ್ಯರಿಗೆ ತೋರಿಸಿ ವಿವರ ತಿಳಿಸುವುದು’ ಎಂದು ಬಂತು.

ನಮ್ಮ ಡಾಕ್ಟರು ಮಗುವನ್ನು ಮೇಜಿನ ಮೇಲೆ ಮಲಗಿಸಿ ಮೊಣಕಾಲು ಮಡಿಸಿ ನೋಡಿದರು, ಪಾದ ತಿರುಗಿಸಿ ನೋಡಿದರು, ಕೆಳಗಿಳಿಸಿ ನಡೆಸಿದರು. ಎರಡು ಹೆಜ್ಜೆ, ನಿಂತಳು. ಡಾಕ್ಟರು ಕನ್ನಡಕ ಒರೆಸಿಕೊಂಡರು. “ಇಂಥದ್ದು ನಾನು ನೋಡಿಲ್ಲ ಕಣಯ್ಯ. ಯಾವುದಕ್ಕೂ ಟಾನಿಕ್ ಕೊಡು” ಎಂದರು. ನಾನೇ ಟಾನಿಕ್ ಬೆರೆಸಿ, ಶೀಶೆಗೆ ಅಳತೆಯ ಕಾಗದ ಅಂಟಿಸಿ, ಮನೆಗೆ ತಂದೆ. ಹೆಂಡತಿ ಆ ದಿನ ಊಟ ಮಾಡಲಿಲ್ಲ.

ಮರುದಿನ ಬೆಳಿಗ್ಗೆ ಹಾಲು ಹಾಕುವ ಅಜ್ಜಿ ಬಂದಳು. ರೇಷನ್ ಅಂಗಡಿಯಲ್ಲಿ ನನ್ನ ಹೆಂಡತಿಯ ಹಿಂದೆ ಮುಂದೆ ನಿಲ್ಲುವವಳು ಅವಳು. ಚೆಂಬಿಗೆ ಹಾಲು ಹುಯ್ಯುತ್ತ ಪುಟ್ಟಿಯನ್ನೇ ನೋಡಿದಳು. ಎರಡು ಹೆಜ್ಜೆ, ನಿಂತಳು.

“ಮಗೀಗೆ ಏನೂ ಆಗಿಲ್ಲ ಕಣಪ್ಪ” ಅಂದಳು ಅಜ್ಜಿ. “ಮುಂದಿರೋರು ಸರೀಲಿ ಅಂತ ಕಾಯ್ತಾ ಅವ್ಳೆ, ಅಷ್ಟೆ.”

ಆ ಟಾನಿಕ್ಕನ್ನು ನಾನೇ ಕುಡಿದು ಮುಗಿಸಿದೆ.

ಚಪ್ಪಟೆ ಕಲ್ಲು

ಬೆಳಗಿನಿಂದ ಮಧ್ಯಾಹ್ನದವರೆಗೆ ಯಾರಿಗೆ ನಿಂತಿರಲು ಆಗುತ್ತದೆ? ಆದ್ದರಿಂದ ನಮ್ಮ ಬೀದಿಯವರು ಕ್ಯೂನಲ್ಲಿ ತಮ್ಮ ಬದಲಿಗೆ ಒಂದೊಂದು ಕಲ್ಲು ಇಟ್ಟು ಮನೆಗೆ ಹೋಗಿ ಕೆಲಸ ನೋಡಿಕೊಂಡು ಬರುತ್ತಿದ್ದರು. ಕೆಲವರು ಚೀಲ ಇಡುವರು, ಕೆಲವರು ಹರಕು ಕೊಡೆ. ಯಾವ ಕಲ್ಲು ಯಾರದ್ದು ಎಂಬುದಕ್ಕೆ ವಾರಕ್ಕೊಂದು ಜಗಳವಾಗುತ್ತಿತ್ತು.

ಮೂರು ವರ್ಷ ತುಂಬುವ ಹೊತ್ತಿಗೆ ಪುಟ್ಟಿಗೆ ಎಲ್ಲರ ಕಲ್ಲೂ ಗೊತ್ತು. ಹೆತ್ತವನೆಂಬ ಅಭಿಮಾನದಿಂದ ಹೇಳುತ್ತಿಲ್ಲ, ಅಂಗಡಿಯವನೇ ಒಪ್ಪಿಕೊಂಡ ಮಾತು ಇದು. ಜಗಳ ಬಂದರೆ ಅವನು ತಕ್ಕಡಿ ಬಿಟ್ಟು, “ಕಾಂಪೌಂಡರ್ ಮಗಳನ್ನ ಕೇಳಿ” ಎನ್ನುತ್ತಿದ್ದ. ಅವಳು ಬೆರಳು ತೋರಿಸಿ ಹೇಳುವಳು: ಇದು ಜಟಕಾ ಸಾಬರು, ಇದು ಮೂಲೆಮನೆ ಅತ್ತೆ, ಈ ಚಪ್ಪಟೆದು ಡ್ರಾಯಿಂಗ್ ಮೇಷ್ಟ್ರು. ಕ್ಯೂ ಮುಂದೆ ಸರಿದರೆ ಎಲ್ಲ ಕಲ್ಲುಗಳನ್ನೂ ತಾನೇ ಸರಿಸುವಳು. ಸರಿಸುವಾಗ ಮರ್ಯಾದೆ ತಪ್ಪುತ್ತಿರಲಿಲ್ಲ. “ಸ್ವಲ್ಪ ಮುಂದೆ ಬನ್ನಿ ಮೇಷ್ಟ್ರೇ” ಎಂದೇ ಕಲ್ಲನ್ನು ಎತ್ತುತ್ತಿದ್ದಳು. ಅವಳಿಗೆಂದೇ ಒಂದು ಗುಂಡನೆಯ ಬಿಳಿಕಲ್ಲು ಇತ್ತು. ಅದನ್ನು ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಸದಾ ಲಂಗದ ಜೇಬಿನಲ್ಲಿ ಇರುತ್ತಿತ್ತು.

ಇಷ್ಟು ಬುದ್ಧಿಯನ್ನು ಕಂಡು ನನಗೆ ಹೆಮ್ಮೆಯೋ ಹೆಮ್ಮೆ. ಒಂದು ಭಾನುವಾರ ಡ್ರಾಯಿಂಗ್ ಮೇಷ್ಟ್ರು ನಮ್ಮ ಮನೆಗೆ ಬಂದರು. ಅವರು ಕ್ಯೂನಲ್ಲಿ ಎಂದೂ ತಾವೇ ನಿಂತವರಲ್ಲ. ಶಿಷ್ಯರ ಕೈಯಲ್ಲಿ ಕಲ್ಲಿಡಿಸಿ, ಸರದಿ ಬಂದಾಗ ಅಕ್ಕಿ ತರಿಸಿಕೊಳ್ಳುವವರು. ಬಾಗಿಲು ತೆಗೆದ ಪುಟ್ಟಿ ಅವರನ್ನು ಅದುವರೆಗೆ ನೋಡಿಯೇ ಇರಲಿಲ್ಲ.

“ಯಾರು ಬೇಕು?” ಎಂದಳು.

“ನಾನು ಡ್ರಾಯಿಂಗ್ ಮೇಷ್ಟ್ರು ಅಂತ ನಿಮ್ಮಪ್ಪನಿಗೆ ಹೇಳಮ್ಮ.”

ಪುಟ್ಟಿ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿ, ಒಳಗೆ ಓಡಿ ಬಂದು ತಾಯಿಗೆ ಹೇಳಿದಳು: “ಅಮ್ಮ, ಚಪ್ಪಟೆ ಕಲ್ಲು ಬಂದಿದೆ. ಕೂರ್ಸಲಾ?”

ತಮ್ಮ

ನಾಲ್ಕನೇ ವರ್ಷದಲ್ಲಿ ಪುಟ್ಟಿಗೆ ತಮ್ಮ ಹುಟ್ಟಿದ. ಹೆಂಡತಿ ಹೆರಿಗೆ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದಳು. ಅಮ್ಮ ಎಲ್ಲಿ ಎಂದು ಪುಟ್ಟಿ ಕೇಳಿದಾಗಲೆಲ್ಲ ನಾನು, “ಪಾಪು ತರಕ್ಕೆ ಹೋಗಿದಾಳೆ” ಎನ್ನುತ್ತಿದ್ದೆ. ಅವಳು ಅದಕ್ಕೆ ಅಳಲಿಲ್ಲ. “ಕ್ಯೂ ದೊಡ್ಡದಿರಬೇಕು” ಎಂದು ನನಗೇ ಸಮಾಧಾನ ಹೇಳಿದಳು.

ಹತ್ತನೇ ದಿನ ಅವಳಿಗೆ ಹೊಸ ಲಂಗ ಹಾಕಿಸಿ ಕರೆದುಕೊಂಡು ಹೋದೆ. ವಾರ್ಡಿನಲ್ಲಿ ಸಾಲಾಗಿ ಮಂಚ, ಮಂಚಕ್ಕೊಬ್ಬ ತಾಯಿ. ಪುಟ್ಟಿಗೆ ಎಲ್ಲವೂ ಅರ್ಥವಾದ ಹಾಗೆ ಕಂಡಿತು. ನರ್ಸಮ್ಮ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ತಂದು ತೋರಿಸಿದರು. ಆರು ಪೌಂಡಿನ ಮಗು, ಮುಖ ಒಂದು ಹಿಡಿಯಷ್ಟು. ಪುಟ್ಟಿ ಬಟ್ಟೆ ಸರಿಸಿ ನೋಡಿದಳು, ಕೆಳಗೂ ನೋಡಿದಳು. ಮತ್ತೆ ತಾಯಿಯ ಮುಖ ನೋಡಿ ಬಹಳ ಕನಿಕರದಿಂದ ಕೇಳಿದಳು:

“ಹತ್ತು ದಿನ ನಿಂತಿದ್ದಕ್ಕೆ ಇಷ್ಟೇನಾ ಕೊಟ್ಟಿದ್ದು?”

ಹೊಲಿಗೆ ಹಾಕಿಸಿಕೊಂಡಿದ್ದ ಪಕ್ಕದ ಮಂಚದ ಬಾಣಂತಿ, “ಅಯ್ಯೋ, ನಗಿಸಬೇಡಿ ಕಣ್ರೀ, ಆ ಮಗೂನ ಹೊರಗೆ ಕರ್ಕೊಂಡು ಹೋಗಿ” ಎಂದು ಹೊಟ್ಟೆ ಹಿಡಿದುಕೊಂಡರು.

ಖಾಲಿ ಟ್ರಂಕು

ಇಲ್ಲಿಯವರೆಗೆ ನಕ್ಕದ್ದಾಯಿತು. ಐದು ತುಂಬುವ ಹೊತ್ತಿಗೆ ಮಾವನವರ ಕಾರ್ಡುಗಳು ಬಿಸಿಯಾದವು. ಅವರು ಕೇಳುತ್ತಿದ್ದುದು ಅಕ್ಷರ. ನಾನು ಬರೆಯುತ್ತಿದ್ದುದು ಆಸಕ್ತಿ. ಸ್ಲೇಟು ಕೊಟ್ಟರೆ ಪುಟ್ಟಿ ಅದರ ತುಂಬ ನೆಟ್ಟನೆಯ ಗೆರೆಗಳನ್ನು ಒಂದರ ಹಿಂದೆ ಒಂದು ಎಳೆಯುತ್ತಿದ್ದಳು. ಏನು ಎಂದರೆ, “ಜನ.” ಅ, ಆ ಬರೆ ಎಂದರೆ, “ಅವು ಆಮೇಲೆ ಬಂದಿವೆ, ಹಿಂದೆ ನಿಲ್ಲಲಿ” ಎನ್ನುತ್ತಿದ್ದಳು.

ಮೇ ತಿಂಗಳ ಕೊನೆಗೆ ಅಪ್ಪಣೆಯೇ ಬಂತು. ‘ಜೂನ್‌ನಲ್ಲಿ ಮಗು ಶಾಲೆಗೆ ದಾಖಲಾಗತಕ್ಕದ್ದು. ಆಗದಿದ್ದಲ್ಲಿ ನನ್ನ ವಶಕ್ಕೆ ಕೊಡತಕ್ಕದ್ದು. ನಾನೇ ಓದಿಸುತ್ತೇನೆ.’

ಮಾವನವರ ಮಾತಿಗೆ ಎದುರಾಡಿ ನಮಗೆ ಅಭ್ಯಾಸವಿಲ್ಲ. ಅವರಿಗೆ ಮೊಮ್ಮಗಳ ಮೇಲೆ ಪ್ರಾಣ, ಅದೂ ಗೊತ್ತು. ಆದರೆ ಪುಟ್ಟಿ ಇಲ್ಲದ ಮನೆಯನ್ನು ನೆನೆಸಿಕೊಂಡರೆ ನನಗೆ ಶಾಪಿನಲ್ಲಿ ಔಷಧಿಯ ಅಳತೆಯೇ ತಪ್ಪುತ್ತಿತ್ತು.

ಆಗ ಹುಟ್ಟಿದ ತಾರೀಕಿನ ಕಾಗದ ಎಲ್ಲರ ಹತ್ತಿರವೂ ಇರುತ್ತಿರಲಿಲ್ಲ. ಮಗು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಶಾಲೆಗೆ ಸೇರುವ ವಯಸ್ಸಾಯಿತು ಎಂದು ಲೆಕ್ಕ. ಪುಟ್ಟಿ ಕುಳ್ಳಿ. ಕಿವಿಗೆ ಇನ್ನೂ ಎರಡು ಬೆರಳು ದೂರವಿತ್ತು. ಹೆಂಡತಿ ದಿನಾ ಹರಳೆಣ್ಣೆ ಹಚ್ಚಿ ಆ ಕೈಯನ್ನು ನೀವಿ ನೀವಿ ಎಳೆದಳು. ಕೈ ಹೊಳೆಯಿತೇ ಹೊರತು ಉದ್ದವಾಗಲಿಲ್ಲ.

ಶಾಲೆಗೆ ಸೇರಿಸುವ ಹಿಂದಿನ ಸಂಜೆ ಮಾವನವರು ಚಾಮರಾಜಪುರಂ ಸ್ಟೇಷನ್ನಿನಲ್ಲಿ ಇಳಿದು ಬಂದರು. ಕೂಲಿಯ ತಲೆಯ ಮೇಲೆ ಒಂದು ಹಾಸಿಗೆ ಸುರುಳಿ, ಅದರ ಮೇಲೆ ಪುಟ್ಟದೊಂದು ಹಸಿರು ಟ್ರಂಕು.

“ಅದರಲ್ಲಿ ಏನಿದೆ ಅಣ್ಣ?” ಎಂದು ನನ್ನ ಹೆಂಡತಿ ಕೇಳಿದಳು. ತಂದೆಯನ್ನು ಅವರ ಮನೆಯಲ್ಲಿ ಎಲ್ಲರೂ ಅಣ್ಣ ಎಂದೇ ಕರೆಯುತ್ತಿದ್ದುದು.

“ಏನೂ ಇಲ್ಲ. ಹೋಗ್ತಾ ಮಗು ಬಟ್ಟೆಗೆ ಬೇಕಾಗತ್ತಲ್ಲ” ಎಂದರು.

ಸರದಿ

ಬೆಳಿಗ್ಗೆ ಆರಕ್ಕೇ ನಾನೂ ಪುಟ್ಟಿಯೂ ಹೋಗಿ ಶಾಲೆಯ ಜಗುಲಿಯಲ್ಲಿ ನಿಂತೆವು. ನಮ್ಮ ಮುಂದೆ ಆರು ಜನ. ಹತ್ತು ಗಂಟೆಗೆ ಕ್ಯೂ ಗೇಟಿನವರೆಗೂ ಬೆಳೆದಿತ್ತು. ಆಗ ಸ್ನಾನ, ಪೂಜೆ, ತಿಂಡಿ ಮುಗಿಸಿ ಮಾವನವರು ಜಟಕಾದಲ್ಲಿ ಬಂದಿಳಿದರು. ಜರಿ ರುಮಾಲು, ಕರಿ ಕೋಟು, ಕೈಯಲ್ಲಿ ಬೆತ್ತ. ಇಳಿದವರು ಎಡಬಲ ನೋಡದೆ ನೇರವಾಗಿ ಹೆಡ್‌ಮಿಸ್ಟ್ರೆಸ್ಸರ ಕೋಣೆಯ ಬಾಗಿಲಿಗೆ ನಡೆದರು. ಜವಾನ ರುಮಾಲು ನೋಡಿ ಎದ್ದು ಸಲಾಮು ಹಾಕಿದ. ಕೆಲಸವಾಯಿತು ಎಂದು ನನಗೆ ಜೀವ ಬಂತು.

ಪುಟ್ಟಿ ನನ್ನ ಕೈ ಬಿಡಿಸಿಕೊಂಡು ಓಡಿಹೋಗಿ ಅವರ ಕೋಟಿನ ಅಂಚು ಹಿಡಿದಳು.

“ತಾತ, ಆಮೇಲೆ ಬಂದೋರು ಕೊನೇಲಿ ನಿಲ್ಬೇಕು.”

“ನಾನು ನಿಮ್ಮ ಜೊತೇಲೇ ಕಣಮ್ಮ ಬಂದಿರೋದು.”

“ಇಲ್ಲ. ನಾವು ಆರು ಗಂಟೆಗೆ ಬಂದ್ವಿ. ನೀವು ದೋಸೆ ತಿಂದ್ಕೊಂಡು ಬಂದ್ರಿ.”

ಇಡೀ ಸಾಲು ನಕ್ಕಿತು. ನಾನು ನೆಲ ನೋಡಿದೆ. ಊರೂರನ್ನೇ ಎಬ್ಬಿಸಿ ನಿಲ್ಲಿಸಿದ ಮನುಷ್ಯ, ಮೊಮ್ಮಗಳ ಹಿಂದೆ ಗೇಟಿನವರೆಗೆ ನಡೆದುಹೋದರು. ಅವಳು ಅವರನ್ನು ಕೊನೆಯ ಹೆಂಗಸಿನ ಹಿಂದೆ ನಿಲ್ಲಿಸಿ, “ಬಿಟ್ಟು ಹೋಗ್ಬೇಡಿ, ಜಾಗ ಹೋಗತ್ತೆ” ಎಂದು ಹೇಳಿ ಬಂದಳು.

ನಮ್ಮ ಸರದಿ ಬಂತು. ಹೆಡ್‌ಮಿಸ್ಟ್ರೆಸ್ ಸ್ಲೇಟು ಕೊಟ್ಟು ಬರೆಯಲು ಹೇಳಿದರು. ಪುಟ್ಟಿ ಸಾಲಾಗಿ ಗೆರೆ ಎಳೆದಳು. ಕೊನೆಯ ಗೆರೆಯ ತಲೆಗೆ ಒಂದು ಸುತ್ತು ಹಾಕಿದಳು.

“ಇದೇನಮ್ಮ?”

“ಹೊರಗೆ ನಿಂತಿರೋರು. ಕೊನೇದು ತಾತ. ಅದು ರುಮಾಲು.”

ಅವರು ತುಟಿ ಬಿಗಿಹಿಡಿದು, “ಎಲ್ಲಿ, ಕಿವಿ ಮುಟ್ಟು” ಎಂದರು. ಪುಟ್ಟಿ ಕೈ ಎತ್ತಿ ತಲೆಯ ಮೇಲಿಂದ ತಂದಳು. ಎಣ್ಣೆ ನೀವಿದ ಕೈ ಕೂದಲ ಮೇಲೆ ಜಾರಿತು. ಎರಡು ಬೆರಳು ದೂರ ಹಾಗೇ ಉಳಿಯಿತು.

“ಇನ್ನೂ ಚಿಕ್ಕವಳು. ಮುಂದಿನ ವರ್ಷ ಕರ್ಕೊಂಡು ಬನ್ನಿ” ಎಂದರು.

ನನ್ನ ಕಣ್ಣ ಮುಂದೆ ಹಸಿರು ಟ್ರಂಕು ಬಂತು. ಪುಟ್ಟಿ ಮಾತ್ರ ಅಳಲೂ ಇಲ್ಲ, ಹಟ ಮಾಡಲೂ ಇಲ್ಲ. ಜೇಬಿನಿಂದ ತನ್ನ ಬಿಳಿಕಲ್ಲನ್ನು ತೆಗೆದು ಮೇಜಿನ ಮೇಲೆ, ಹೆಡ್‌ಮಿಸ್ಟ್ರೆಸ್ಸರ ಎದುರಿಗೆ ಇಟ್ಟಳು.

“ಇದು ನಾನು” ಎಂದಳು. “ಮುಂದಿನ ವರ್ಷಕ್ಕೆ ನಾನೇ ಮೊದಲನೇವಳು. ಇದರ ಮುಂದೆ ಯಾರಾದ್ರೂ ಇಟ್ರೆ ಬಿಡ್ಬೇಡಿ.”

ಹೆಡ್‌ಮಿಸ್ಟ್ರೆಸ್ ಕಲ್ಲನ್ನು ನೋಡಿದರು. ಅವಳನ್ನು ನೋಡಿದರು. ಅವರ ಮನೆಯವರ ಕಲ್ಲೂ ಯಾವುದೋ ರೇಷನ್ ಅಂಗಡಿಯ ಮುಂದೆ ಇದ್ದಿರಬೇಕು.

“ಇದನ್ನ ಒಂದು ವರ್ಷ ಕಾಯೋದು ನನ್ನ ಕೈಲಾಗಲ್ಲ ಕಣಮ್ಮ” ಎಂದರು. “ದಿನಾ ಕಸ ಗುಡಿಸೋರು ಬರ್ತಾರೆ. ನೀನೇ ಬಂದು ಕೂತ್ಕೊಂಡ್ಬಿಡು.” ಪುಸ್ತಕ ಎಳೆದುಕೊಂಡು ಹೆಸರು ಬರೆದರು. ನನಗೆ ಕಣ್ಣು ತುಂಬಿ ಬಂತು. ನಮಸ್ಕಾರ ಹೇಳುವುದನ್ನೂ ಮರೆತು ಹೊರಗೆ ಬಂದೆ.

ಮಾವನವರು ಬಿಸಿಲಲ್ಲಿ ಅರ್ಧ ದಾರಿ ಮುಂದೆ ಬಂದಿದ್ದರು. ಪುಟ್ಟಿ ಓಡಿಹೋಗಿ, “ತಾತ, ಸಿಕ್ತು” ಎಂದಳು. ಅವರು ಅವಳ ತಲೆ ಸವರಿದರು. ಆಮೇಲೆ ನನ್ನ ಕಡೆ ತಿರುಗಿ ಹೇಳಿದರು: “ಆ ಟ್ರಂಕು ನಿಮ್ಮಲ್ಲೇ ಇರಲಿ. ಪುಸ್ತಕ ಇಟ್ಕೊಳ್ಳಲಿ.”

“ಹಾಗಾದರೆ ಬನ್ನಿ, ಮನೆಗೆ ಹೋಗೋಣ” ಎಂದೆ.

“ನೀವು ಆ ಮರದ ಕೆಳಗೆ ಕೂತಿರಿ. ನನ್ನ ಸರದಿ ಇನ್ನೂ ಬಂದಿಲ್ಲ.”

ತಮಾಷೆ ಎಂದುಕೊಂಡೆ. ಅವರು ಕದಲಲಿಲ್ಲ. ಒಂದು ಗಂಟೆಯ ಮೇಲೆ ಅವರ ಸರದಿ ಬಂತು, ರುಮಾಲು ಸರಿಮಾಡಿಕೊಂಡು ಒಳಗೆ ಹೋದರು, ಹೊರಗೆ ಬರುವಾಗ ಕೈಯಲ್ಲಿ ಒಂದು ಕಾಗದವಿತ್ತು.

“ಯಾರನ್ನ ಸೇರಿಸಬೇಕು ಅಂತ ಕೇಳಿದ್ರು” ಎಂದರು. “ಯಾರನ್ನೂ ಇಲ್ಲಮ್ಮ, ಜನ್ಮದಲ್ಲಿ ಮೊದಲನೇ ಸಲ ಕ್ಯೂ ನಿಂತಿದೀನಿ, ಕೊನೇಲಿ ಏನು ಕೊಡ್ತಾರೋ ನೋಡೋಣ ಅಂತ ಬಂದೆ ಅಂದೆ. ಇದನ್ನ ಕೊಟ್ರು.”

ಭರ್ತಿ ಮಾಡದ ಒಂದು ಅರ್ಜಿ ಫಾರಂ. ಪುಟ್ಟಿ ಅದನ್ನು ಈಸಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ತಾತನ ಬೆವೆತ ಮುಖ ನೋಡಿ ಕೇಳಿದಳು:

“ಅಷ್ಟು ಹೊತ್ತು ನಿಂತಿದ್ದಕ್ಕೆ ಇಷ್ಟೇನಾ ತಾತ ಕೊಟ್ಟಿದ್ದು?”